ಸೋದರತ್ತೆಯ ಸೀರೆಗೆ ತಕ್ಕ ಸ್ಕೇಲು

ನನ್ನ ಬೀರುವಿನಲ್ಲಿ ಈಗ ಏಳು ಸ್ಕೇಲುಗಳಿವೆ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳ ಮನೆಯಲ್ಲಿ ಸ್ಕೇಲು ಇರುವುದು ದೊಡ್ಡ ವಿಷಯವಲ್ಲ. ಆದರೆ ಈ ಏಳೂ ಸೇರಿಕೊಂಡದ್ದು ನಾನು ನಿವೃತ್ತಳಾದ ಮೇಲೆ, ಅದೂ ಬಟ್ಟೆ ಕತ್ತರಿಸಲಿಕ್ಕೆ. "ಇಷ್ಟು ಸ್ಕೇಲು ಸರ್ವೆ ಆಫೀಸಲ್ಲೂ ಇರಲ್ಲ ಕಣೇ" ಎಂದು ನಮ್ಮ ಯಜಮಾನರು ಬೀರು ತೆಗೆದಾಗಲೆಲ್ಲ ಹೇಳುತ್ತಾರೆ. ನಾನು ಬೀರುವಿನ ಬಾಗಿಲು ಹಾಕುತ್ತೇನೆ. ಏಳರಲ್ಲಿ ಐದು ದಂಡ ಎಂಬುದು ನನಗೂ ಗೊತ್ತು, ಅದನ್ನು ಅವರ ಬಾಯಲ್ಲಿ ಕೇಳುವ ಅಗತ್ಯವಿಲ್ಲ.

ಬಸುರಿ ಮಗಳಿಗೆ ಏಳು ತಿಂಗಳು ತುಂಬಿದಾಗ ನಾನು ಬೊಂತೆ ಹೊಲಿಯುವ ತಯಾರಿಗೆ ಕೂತೆ. ಹಳೆ ಸೀರೆಯ ತುಂಡುಗಳನ್ನು ಜೋಡಿಸಿ ಹೊಲಿದ ಹೊದಿಕೆಯನ್ನು ಬೇರೆ ಕಡೆ ಕೌದಿ ಎನ್ನುತ್ತಾರೆ. ತೆಲುಗಿನ ಮಗ್ಗುಲಲ್ಲಿರುವ ನಮ್ಮ ಕಡೆ ಅದು ಬೊಂತೆ. ಹುಟ್ಟಿದ ಮಗುವಿಗೆ ಮೊದಲು ಹೊಸ ಬಟ್ಟೆ ಸೋಕಿಸುವ ಹಾಗಿಲ್ಲ. ತಾಯಿಯ ತವರಿನವರು ನೆಂಟರಿಷ್ಟರ ಮನೆಗಳಿಂದ ಒಂದೊಂದು ಹಳೆ ಸೀರೆ ಕೇಳಿ ತಂದು, ಬೊಂತೆ ಹೊಲಿದು, ತೊಟ್ಟಿಲಿಗೆ ಹಾಸಬೇಕು. ಸೀರೆ ಕೊಡುವವರು ಮುತ್ತೈದೆಯರೇ ಆಗಿರಬೇಕು ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೇಳದೆಯೇ ಎಲ್ಲರಿಗೂ ಗೊತ್ತಿರುತ್ತದೆ.

ನಮ್ಮಮ್ಮ ಹೊಲಿಯುತ್ತಿದ್ದ ಬೊಂತೆಗಳು ಬೆಚ್ಚಗಿರುತ್ತಿದ್ದವು, ಸೊಟ್ಟಗೂ ಇರುತ್ತಿದ್ದವು. ಗೇಣು ಹಾಕಿ ಅಳೆದು, ಅಡುಗೆಮನೆ ಕತ್ತರಿಯಲ್ಲಿ ಕತ್ತರಿಸಿ, ಸಾಲದಿದ್ದ ಕಡೆ ಎಳೆದು ಹೊಲಿಯುತ್ತಿದ್ದರು. ನನ್ನದು ಹಾಗಿರಬಾರದು ಎಂದು ಹಟ ಹಿಡಿದೆ. ಲಂಬಕೋನ ಎಂದರೆ ಏನೆಂದು ಸಾವಿರಾರು ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು ತೋರಿಸಿದವಳು ಮೊಮ್ಮಗುವಿಗೆ ಸೊಟ್ಟ ಬೊಂತೆ ಹೊದಿಸುವುದೇ? ಈ ಅಹಂಕಾರದಿಂದಲೇ ಸ್ಕೇಲುಗಳು ಮನೆಗೆ ಬರತೊಡಗಿದವು.

ಮೊದಲನೆಯದು ಬೀಳ್ಕೊಡುಗೆಯ ದಿನ ನೆನಪಿಗೆಂದು ಶಾಲೆಯಿಂದ ತಂದಿದ್ದ ಮರದ ಸ್ಕೇಲು. ಅದರ ತುದಿ ಸವೆದು ಸೊನ್ನೆಯೇ ಅಳಿಸಿಹೋಗಿತ್ತು; ತುಂಡುಗಳೆಲ್ಲ ಒಂದು ನೂಲು ಕಡಿಮೆ ಬಂದವು. ಎರಡನೆಯದು ಚಿಕ್ಕಬಳ್ಳಾಪುರದ ಟೈಲರಿಂಗ್ ಸಾಮಾನಿನ ಅಂಗಡಿಯಲ್ಲಿ ಸಿಕ್ಕ ಎಲ್ ಆಕಾರದ್ದು. ಮೂಲೆ ನೇರ, ಆದರೆ ಕೆಳಗಿನ ಬಟ್ಟೆ ಕಾಣುವುದಿಲ್ಲ, ಹೂವಿನ ನಡುವೆ ಕತ್ತರಿ ಬಿದ್ದರೂ ತಿಳಿಯುವುದಿಲ್ಲ. ಮೂರನೆಯದನ್ನು ಫೋನಿನಲ್ಲಿ ಚಿತ್ರ ನೋಡಿ ತರಿಸಿದೆ. ಬಂದ ಮೇಲೆ ನೋಡಿದರೆ ಸೆಂಟಿಮೀಟರಿನದು. ಕೆಳಗೆ ಬರೆದದ್ದನ್ನು ನಾನೇ ಓದಿರಲಿಲ್ಲ, ಆದರೂ ಕಳುಹಿಸಿದವರನ್ನು ಬೈದೆ. ನಾಲ್ಕನೆಯದು ತ್ರಿಕೋನದ್ದು. ಅದರ ಮೇಲೆ ಬರೆದಿರುವುದು ಹೊಲಿದು ಮುಗಿದ ಮೇಲಿನ ಅಳತೆ, ಕತ್ತರಿಸುವ ಅಳತೆಯಲ್ಲ ಎಂದು ಅರ್ಥವಾಗಲು ನನಗೆ ಒಂದು ವಾರ ಹಿಡಿಯಿತು. ಐದನೆಯದು ಹೋಟೆಲಿನ ತಟ್ಟೆಯಷ್ಟು ದೊಡ್ಡ ಚೌಕ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಪ್ರತಿ ಸಲ ಸ್ಕೇಲು ಡೊಂಕು ಎಂದು ಇನ್ನೊಂದು ತರಿಸಿದೆ.

ಆರನೆಯದು ಮಾತ್ರ ಮನಸ್ಸಿಗೆ ಹಿಡಿಸಿತು. ಎರಡಡಿ ಉದ್ದ, ಆರೂವರೆ ಇಂಚು ಅಗಲದ ಪಾರದರ್ಶಕ ಪಟ್ಟಿ, ಮೇಲೆ ಇಂಚಿಂಚಿಗೆ ಗೆರೆ ಎಳೆದು ಮಾಡಿದ ಮನೆಗಳು. ಜೊತೆಗೆ ಚಕ್ರದಂಥ ಅಲಗಿನ ಕಟರು, ಕೆಳಗೆ ಹಾಸಲು ಹಸಿರು ಹಲಗೆ. ಪಟ್ಟಿಯ ಅಂಚಿಗೆ ಕಟರು ಒತ್ತಿ ಒಮ್ಮೆ ಎಳೆದರೆ ನಾಲ್ಕು ಪದರ ಬಟ್ಟೆ ಒಟ್ಟಿಗೆ ತುಂಡಾಗುತ್ತಿತ್ತು. ಕೈ ಪಳಗಿಸಿಕೊಳ್ಳಲು ಮನೆಯ ಹಳೆ ಸೀರೆಗಳು ಸಾಲದೆ ಯಜಮಾನರ ಪಂಚೆಯ ಮೇಲೂ ಕೈ ಹಾಕಿದ್ದೆ ಎಂದರೆ ಎಷ್ಟು ಖುಷಿಯಾಗಿತ್ತೆಂದು ತಿಳಿಯಬಹುದು.

ಒಂಬತ್ತು ಮನೆಗಳಿಂದ ಒಂಬತ್ತು ಸೀರೆ ಬಂದವು. ಹತ್ತನೆಯದಕ್ಕೆ ನಾನೇ ಬಸ್ಸು ಹತ್ತಿ ಜಂಗಮಕೋಟೆಗೆ, ನಮ್ಮ ಅಣ್ಣನ ಮನೆಗೆ ಹೋದೆ. ಅಲ್ಲಿ ನನ್ನ ಸೋದರತ್ತೆ ಇದ್ದಾರೆ, ನಮ್ಮಪ್ಪನ ತಂಗಿ. ಇಪ್ಪತ್ತೆರಡಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು, ಈಗ ಎಂಬತ್ತು ದಾಟಿದ್ದಾರೆ. ಅವರು ಬಂದ ವರ್ಷವೇ ನಾನು ಹುಟ್ಟಿದ್ದಂತೆ. ನನಗೆ ನೀರೆರೆದು, ನನ್ನನ್ನು ಹೊತ್ತು, ತಲೆ ಬಾಚಿ ಶಾಲೆಗೆ ಕಳುಹಿಸಿದವರು ಅವರೇ. ಅಮ್ಮನಿಗೆ ಹೊಲ, ಹಿಪ್ಪುನೇರಳೆ, ರೇಷ್ಮೆಹುಳುವಿನ ಮನೆ ಇವುಗಳಲ್ಲೇ ಹೊತ್ತು ಹೋಗುತ್ತಿತ್ತು. ನನ್ನ ಮಗಳ ಮಗುವಿನ ಬೊಂತೆಯಲ್ಲಿ ಅತ್ತೆಯ ಬಟ್ಟೆ ಇರಲೇಬೇಕು ಎಂಬುದು ನನ್ನ ಆಸೆಯಾಗಿತ್ತು.

"ನಂದಾ? ನಂದ್ಯಾಕೆ ಕಣೇ? ಮಗೂ ಕೆಳಗೆ ಹಾಸೋದಲ್ವಾ?" ಎಂದರು ಅತ್ತೆ.

"ಅದಕ್ಕೇ ಕೇಳ್ತಿರೋದು."

"ಬೀಗರು ಏನಾದ್ರೂ ಅಂದ್ಕೊಂಡಾರು. ಬೇಡ ಬಿಡು."

ನನಗೆ ಸಿಟ್ಟು ಬಂತು. "ಬೀಗರಿಗೆ ನಾನು ಹೇಳ್ಕೋತೀನಿ. ನೀವು ಕೊಡೋದಾದ್ರೆ ಕೊಡಿ" ಎಂದು ಗದರಿಸಿದೆ. ಅತ್ತೆ ಎದ್ದು ಹೋಗಿ ಪೆಟ್ಟಿಗೆಯ ತಳದಿಂದ ಒಂದು ಕೆಂಪು ರೇಷ್ಮೆ ಸೀರೆ ತಂದರು. ಗಂಡ ಇದ್ದಾಗ ಉಟ್ಟದ್ದು, ಆಮೇಲೆ ಒಂದು ದಿನವೂ ಮೈಮೇಲೆ ಹಾಕಿಕೊಂಡದ್ದಲ್ಲ. ಅರವತ್ತು ವರ್ಷ ಮಡಿಸಿಟ್ಟದ್ದಕ್ಕೆ ಮಡಿಕೆ ಮಡಿಕೆಗೂ ಸೀಳಿಹೋಗಿತ್ತು. ಬಣ್ಣ ಮಾತ್ರ ನಿನ್ನೆ ಅದ್ದಿದ ಹಾಗಿತ್ತು. ಕೊಡುವಾಗ ಅತ್ತೆ ಮೆಲ್ಲಗೆ, "ಅಡಿಯಲ್ಲಿ ಹಾಕು, ಕಾಣದೇ ಇರೋ ಕಡೆ" ಎಂದರು.

ನಾನು ಆಗಲಿ ಎಂದೆ, ಮನಸ್ಸಿನಲ್ಲಿ ನಡುವೆಯೇ ಹಾಕುತ್ತೇನೆ ಎಂದುಕೊಂಡೆ.

ಕತ್ತರಿಸುವ ಕೆಲಸ ಅಂದೇ ಅಲ್ಲೇ ಆಯಿತು. ಸಾಮಾನೆಲ್ಲ ಚೀಲದಲ್ಲಿ ತಂದಿದ್ದೆ, ಅತ್ತಿಗೆಗೂ ಬಿಡುವಿತ್ತು. ಅವರ ಮನೆಯಲ್ಲಿ ರೇಷ್ಮೆಗೂಡು ಬಿಡಿಸುವ ಕ್ರಮ ಒಂದಿದೆ. ಹುಳು ಗೂಡು ಕಟ್ಟಿದ ದೊಡ್ಡ ಬಿದಿರಿನ ತಟ್ಟಿಯನ್ನು ನಡುವೆ ಮಲಗಿಸಿ ಇಬ್ಬರು ಎದುರುಬದುರು ಕೂರುತ್ತಾರೆ. ಒಬ್ಬೊಬ್ಬರೂ ತಮ್ಮ ಅಂಚಿನಿಂದ ನಡುವಿನ ಕಡೆಗೆ ಕೈ ನಡೆಸುತ್ತಾರೆ. ಸೊಪ್ಪು ಹೆಚ್ಚುವುದೂ ಹಾಗೆಯೇ, ಕಡಲೆಕಾಯಿ ಬಿಡಿಸುವುದೂ ಹಾಗೆಯೇ. ನಾವೂ ಯೋಚಿಸದೆ ಹಾಗೆಯೇ ಕೂತೆವು. ನಡುವೆ ಹಸಿರು ಹಲಗೆ, ಆಚೆ ಅತ್ತಿಗೆ, ಈಚೆ ನಾನು, ಇಬ್ಬರಿಗೂ ಸೇರಿ ಒಂದೇ ಪಟ್ಟಿ.

ತುಂಡುಗಳು ಐದು ಇಂಚಿನ ಚೌಕಗಳಾಗಬೇಕಿತ್ತು. ಅತ್ತಿಗೆಗೆ ಅಂಕಿಗಳು ತಲೆಕೆಳಗಾಗಿ ಕಾಣುತ್ತಿದ್ದವು. "ಅಂಕಿ ನೋಡ್ಬೇಡಿ ಅತ್ತಿಗೆ, ನಿಮ್ಮ ಅಂಚಿಂದ ಐದು ಮನೆ ಎಣಿಸಿ ಕತ್ತರಿಸಿ, ಅಷ್ಟೆ" ಎಂದು ನಾನೇ ಹೇಳಿಕೊಟ್ಟೆ. ಅತ್ತೆಯ ಸೀರೆಯನ್ನು ಅತ್ತಿಗೆಯ ಕೈಗೇ ಕೊಟ್ಟೆ. ಅದಕ್ಕೆ ಕಟರು ಹಚ್ಚಲು ನನಗೆ ಧೈರ್ಯ ಸಾಲಲಿಲ್ಲ, ಅತ್ತಿಗೆಯ ಕೈ ಗಟ್ಟಿ. ಸೀಳು ಬಿಟ್ಟು, ಕಲೆ ಬಿಟ್ಟು, ಆ ಇಡೀ ಸೀರೆಯಲ್ಲಿ ಹನ್ನೆರಡು ಚೌಕ ಸಿಕ್ಕವು. ಹದಿಮೂರನೆಯದಕ್ಕೆ ಜಾಗವಿರಲಿಲ್ಲ. ಉಳಿದ ಒಂಬತ್ತು ಸೀರೆಗಳಿಂದ ನಾನು ಅರವತ್ತೆಂಟು ತೆಗೆದೆ. ಸಾಲಿಗೆ ಎಂಟರಂತೆ ಹತ್ತು ಸಾಲು, ಲೆಕ್ಕ ಸರಿಯಾಯಿತು.

ಮಾರನೆಯ ದಿನ ಚಿಕ್ಕಬಳ್ಳಾಪುರದ ನಮ್ಮ ಮನೆಯ ಹಾಲಿನಲ್ಲಿ ಎಂಬತ್ತನ್ನೂ ಹರಡಿದೆ. ಕೆಂಪು ಹನ್ನೆರಡು ಮಾತ್ರ ಪಕ್ಕದವಕ್ಕಿಂತ ಕಿರಿದಾಗಿದ್ದವು. ಅಳೆದೆ. ನಾಲ್ಕೂವರೆ ಇಂಚು. ಇನ್ನೊಂದು ಅಳೆದೆ, ನಾಲ್ಕೂವರೆ. ಹನ್ನೆರಡಕ್ಕೆ ಹನ್ನೆರಡೂ ಅಚ್ಚುಕಟ್ಟಾಗಿ, ಸ್ವಲ್ಪವೂ ಸೊಟ್ಟವಿಲ್ಲದೆ, ಅರ್ಧ ಇಂಚು ಕಡಿಮೆ.

ಸ್ಕೇಲು ಹಿಡಿದು ನೋಡಿದಾಗ ತಪ್ಪು ತಿಳಿಯಿತು. ಅಗಲ ಆರೂವರೆ ಇಂಚಲ್ಲವೇ? ನನ್ನ ಅಂಚಿನಿಂದ ಎಣಿಸಿದರೆ ಮೊದಲ ಮನೆ ಪೂರಾ ಒಂದು ಇಂಚು. ಎದುರಿನ ಅಂಚಿನಿಂದ ಎಣಿಸಿದರೆ ಮೊದಲ ಮನೆ ಬರೀ ಅರ್ಧ ಇಂಚು. ಅತ್ತಿಗೆ ಐದು ಮನೆ ಸರಿಯಾಗಿಯೇ ಎಣಿಸಿದ್ದರು. ಅಂಕಿ ನೋಡಬೇಡಿ ಎಂದ ಗಣಿತದ ಟೀಚರು ನಾನು.

ಅತ್ತಿಗೆಗೆ ಫೋನು ಮಾಡಿ ಹೇಳಿದೆ. ಅವರು, "ಹೋಗ್ಲಿ ಬಿಡಮ್ಮ. ಒಂಥರಾ ಒಳ್ಳೇದೇ ಆಯ್ತು. ಬೀಗರು ಏನಂದಾರೋ ಅಂತ ನಂಗೂ ಒಳಗೊಳಗೇ ಇತ್ತು. ನೀನಾಗೇ ಬೇಡ ಅಂದಿದ್ದಲ್ವಲ್ಲ, ಅಳತೆ ತಪ್ತು, ಅಷ್ಟೆ. ಬೇರೆ ಸೀರೇದು ಹನ್ನೆರಡು ಹಾಕ್ಬಿಡು" ಎಂದರು.

ಇಲ್ಲಿ ನಿಜ ಹೇಳಿಬಿಡುತ್ತೇನೆ. ಫೋನು ಇಟ್ಟಾಗ ನನಗೆ ದುಃಖವಾಗಲಿಲ್ಲ. ನಿರಾಳವಾಯಿತು. ಗೌರಿಬಿದನೂರಿನ ಬೀಗರ ಮನೆಯವರು ಶಾಸ್ತ್ರ ಸಂಪ್ರದಾಯ ಬಿಟ್ಟವರಲ್ಲ. ತೊಟ್ಟಿಲ ಶಾಸ್ತ್ರದ ದಿನ ನನ್ನ ಬೀಗಿತ್ತಿ ಬೊಂತೆ ಮುಟ್ಟಿ, ಇದು ಯಾರದು, ಇದು ಯಾರದು ಎಂದು ಕೇಳುವುದು ವಾಡಿಕೆ. ಅತ್ತೆಯೆದುರು "ನಾನು ಹೇಳ್ಕೋತೀನಿ" ಎಂದು ಗದರಿಸಿದ್ದರೂ, ಏನು ಹೇಳಬೇಕೆಂದು ನನಗೆ ಹೊಳೆದಿರಲಿಲ್ಲ. ಈಗ ಹೇಳುವ ಕೆಲಸವೇ ತಪ್ಪಿತು. ಆ ದಿನ ಹೊಟ್ಟೆ ತುಂಬ ಮುದ್ದೆ ಉಂಡು, ಮಧ್ಯಾಹ್ನ ಒಳ್ಳೆಯ ನಿದ್ದೆ ಮಾಡಿದೆ.

ಎದ್ದು ಕಾಫಿ ಕುಡಿಯುತ್ತ ಅತ್ತೆಗೆ ಹೇಗೆ ಹೇಳುವುದೆಂದು ಮಾತು ಜೋಡಿಸತೊಡಗಿದೆ. "ಅತ್ತೆ, ಅಳತೆ ತಪ್ಪಿಹೋಯ್ತು." ಅದಕ್ಕೆ ಅವರು ಏನನ್ನುತ್ತಾರೆಂದೂ ಗೊತ್ತಿತ್ತು. "ನಾನು ಮೊದ್ಲೇ ಹೇಳ್ಲಿಲ್ವಾ ಕಣೇ, ನಂದು ಬೇಡ ಅಂತ" ಎನ್ನುತ್ತಾರೆ. ಬೇಸರವೂ ಮಾಡಿಕೊಳ್ಳುವುದಿಲ್ಲ. ಸ್ಕೇಲಿನ ಮೊದಲ ಮನೆ ಅರ್ಧ ಇಂಚಿನದು ಎಂಬುದು ಅವರ ಪಾಲಿಗೆ ಲೆಕ್ಕಕ್ಕೇ ಬರುವುದಿಲ್ಲ. ತನ್ನ ಬಟ್ಟೆ ಮಗುವಿಗೆ ಸೋಕಬಾರದೆಂದು ದೇವರೇ ತಡೆದ ಎಂದು ನಂಬಿಬಿಡುತ್ತಾರೆ. ಅರವತ್ತು ವರ್ಷ ಜನ ಹೇಳಿದ್ದನ್ನು ಈಗ ನನ್ನ ಬಾಯಿಂದಲೂ ಕೇಳುತ್ತಾರೆ, ಅಷ್ಟೇ ವ್ಯತ್ಯಾಸ. ಕಾಫಿ ಲೋಟ ಕೆಳಗಿಟ್ಟೆ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಆಮೇಲೆ ಹೊಳೆದದ್ದು ಮೂರನೇ ಕ್ಲಾಸಿನ ಮಕ್ಕಳಿಗೂ ಹೊಳೆಯುವ ಮಾತು. ಹನ್ನೆರಡನ್ನು ಹಿಗ್ಗಿಸಲು ಆಗುವುದಿಲ್ಲ, ಅರವತ್ತೆಂಟನ್ನು ಕುಗ್ಗಿಸಬಹುದು. ಬೊಂತೆ ಸ್ವಲ್ಪ ಕಿರಿದಾಗುತ್ತದೆ. ಆಗಲಿ, ಮಲಗುವುದು ಮೊಳದುದ್ದದ ಮಗು, ನಮ್ಮ ಯಜಮಾನರಲ್ಲ.

ಹೇಳುವುದು ಸುಲಭ. ಎರಡಡಿ ಉದ್ದದ ಪಟ್ಟಿ ಇಟ್ಟುಕೊಂಡು ಅಂಗೈಯಗಲದ ತುಂಡಿನ ಅಂಚು ತೆಗೆಯಲು ಹೋದರೆ ಪಟ್ಟಿ ಓಲಾಡುತ್ತದೆ, ನುಣುಪು ಸೀರೆಯ ಮೇಲೆ ಜಾರುತ್ತದೆ. ಗೆರೆಗೂ ಒಂದು ದಪ್ಪವಿದೆ. ಗೆರೆಯ ಈಚೆಗೆ ಬಟ್ಟೆಯ ಅಂಚು ಹಿಡಿಯಬೇಕೋ ಆಚೆಗೋ ಎಂಬುದರಲ್ಲೇ ಒಂದು ನೂಲು ವ್ಯತ್ಯಾಸ ಬೀಳುತ್ತದೆ. ಮೂರು ತುಂಡು ಕೆಡಿಸಿ ಕೈಬಿಟ್ಟೆ. ನನಗೆ ಬೇಕಾದದ್ದು ಸರಿಯಾಗಿ ನಾಲ್ಕೂವರೆ ಇಂಚಿನ ಚೌಕ, ಅದರ ಅಂಚೇ ಅಳತೆಯಾಗಿರಬೇಕು. ತುಂಡಿನ ಮೇಲಿಟ್ಟು, ಹೊರಗೆ ಉಳಿದದ್ದನ್ನು ಸವರಿ ಹಾಕಿದರಾಯಿತು, ಎಣಿಸುವ ಗೊಡವೆಯೇ ಇಲ್ಲ. ಫೋನಿನಲ್ಲಿ ಅಂಥದ್ದು ಕಂಡಿತು, ಬರಲು ಎರಡು ವಾರ ಎಂದಿತ್ತು. ಮಗಳಿಗೆ ಆಗಲೇ ಒಂಬತ್ತು ತುಂಬುತ್ತಿತ್ತು.

ಚಿಂತಾಮಣಿಯಲ್ಲಿ ಗಾಡಿಗಳ ನಂಬರ್ ಪ್ಲೇಟ್ ಮಾಡುವ ಅಂಗಡಿಯವರು ಅಕ್ರಿಲಿಕ್ ಹಾಳೆಯನ್ನು ಮೆಷಿನ್ನಿನಲ್ಲಿ ಬೇಕಾದ ಅಳತೆಗೆ ಕತ್ತರಿಸುತ್ತಾರೆ ಎಂದು ಯಾರೋ ಹೇಳಿದರು. ಹೋದೆ. ಅಂಗಡಿಯಾತ ನನ್ನಷ್ಟೇ ವಯಸ್ಸಿನವರು, ಕನ್ನಡಕ ಹಣೆಗೇರಿಸಿದ್ದರು.

"ಯಾವ ಗಾಡಿ ಮೇಡಂ?"

"ಗಾಡಿಗಲ್ಲ, ಮೊಮ್ಮಗೂಗೆ" ಎಂದು ಚೀಟಿ ಕೊಟ್ಟೆ. ಮಿಲಿಮೀಟರಿನಲ್ಲಿ ಬರೆದಿದ್ದೆ: ನೂರ ಹದಿನಾಲ್ಕು ಪಾಯಿಂಟ್ ಮೂರು.

"ಪಾಯಿಂಟ್ ಮೂರು ಯಾಕೆ ಮೇಡಂ, ನೂರ ಹದಿನಾಲ್ಕು ಹಾಕಿ ಕೊಡ್ತೀನಿ. ಯಾರೂ ನೋಡಲ್ಲ."

"ನಾನು ನೋಡ್ತೀನಿ. ಪಾಯಿಂಟ್ ಮೂರೂ ಹಾಕಪ್ಪ."

ಮೊದಲ ಚೌಕ ಬಂತು. ಚೀಲದಿಂದ ಟೇಪು ತೆಗೆದು ಮೂಲೆಯಿಂದ ಮೂಲೆಗೆ ಎರಡು ಕಡೆಯೂ ಅಳೆದೆ. ನಾಲ್ಕು ಬದಿ ಸಮವಿದ್ದರೆ ಚೌಕವಾಯಿತು ಎಂದು ಬಹಳ ಜನ ತಿಳಿಯುತ್ತಾರೆ; ಎರಡು ಕರ್ಣಗಳೂ ಸಮವಿರಬೇಕು. ಒಂದು ಒಂಚೂರು ಹೆಚ್ಚಿತ್ತು. ಹಾಳೆ ಜರುಗಿದೆ, ಮತ್ತೆ ಮಾಡಿ ಎಂದೆ. ಆತ ನನ್ನನ್ನೂ ಚೌಕವನ್ನೂ ನೋಡಿ, "ಟೀಚರಾ ಮೇಡಂ?" ಎಂದರು. ಹೌದು ಎಂದಾಗ, "ಅದಕ್ಕೇ" ಎಂದು ನಿಟ್ಟುಸಿರು ಬಿಟ್ಟು ಇನ್ನೊಂದು ಹಾಳೆ ಹಾಕಿದರು. ಎರಡನೆಯದರ ಕರ್ಣಗಳು ಸರಿಸಮ ಬಂದವು. ಬಸ್ಸಿನಲ್ಲಿ ಅದನ್ನು ಸೆರಗಿನಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡು ಬಂದೆ.

ಜಾರದ ಹಾಗೆ ಅದರ ಬೆನ್ನಿಗೆ ಉಪ್ಪುಕಾಗದದ ಚೂರುಗಳನ್ನು ಅಂಟಿಸಿದೆ. ಹೊಲಿಗೆ ಎಲ್ಲಿ ಬೀಳಬೇಕೆಂದು ಕಾಣಲು ಅಂಚಿನಿಂದ ಕಾಲಿಂಚು ಒಳಗೆ ಕೈವಾರದ ಮೊನೆಯಿಂದ ಗೆರೆ ಗೀರಿದೆ. ಆಮೇಲೆ ತುಂಡಿಟ್ಟು, ಮೂಲೆ ಕೂಡಿಸಿ, ಎರಡು ಅಂಚು ಸವರಿದೆ. ಇನ್ನೊಂದು ಇಟ್ಟೆ. ಕೆಡಿಸಿದ ಮೂರಕ್ಕೆ ಬದಲು ಉಳಿಕೆಯಿಂದ ತೆಗೆದೆ. ಎರಡು ಬೆಳಗಿನಲ್ಲಿ ಅರವತ್ತೆಂಟೂ ಮುಗಿದವು, ಹಾಲಿನ ತುಂಬ ಬಣ್ಣದ ಎಳೆಗಳು. ಅತ್ತೆಯ ಹನ್ನೆರಡಕ್ಕೆ ಹಿಂದೆ ತೆಳುವಾದ ಮಲ್ ಬಟ್ಟೆ ಕೊಟ್ಟು, ಎರಡು ಸಾಲಾಗಿ, ಸಾಲಿಗೆ ಆರರಂತೆ, ನಟ್ಟನಡುವೆ ಇಟ್ಟೆ. ಮಗುವಿನ ಬೆನ್ನು ಬರುವುದು ಅಲ್ಲೇ. ಹೊಲಿದು ತಿರುವಿ ಹಾಕಿದಾಗ ನಾಲ್ಕು ಚೌಕಗಳ ಮೂಲೆಗಳು ಒಂದೇ ಚುಕ್ಕೆಯಲ್ಲಿ ಕೂಡಿದ್ದವು. ಯಜಮಾನರನ್ನು ಕರೆದು ತೋರಿಸಿದೆ. "ಚೆನ್ನಾಗಿದೆ" ಎಂದರು. ಸ್ಕೇಲಿನ ಸುದ್ದಿ ಎತ್ತಲಿಲ್ಲ.

ಮಗಳಿಗೆ ಹೆಣ್ಣು ಮಗುವಾಯಿತು, ಸುಖವಾಗಿ. ತೊಟ್ಟಿಲ ಶಾಸ್ತ್ರದ ದಿನ ಅಣ್ಣ ಅತ್ತಿಗೆಯ ಜೊತೆ ಅತ್ತೆಯೂ ಬಂದರು. ಬಂದವರು ನೇರ ಅಡುಗೆಮನೆಗೆ ಹೋಗಿ, ಯಾರೂ ಹೇಳದಿದ್ದರೂ, ಕಾಯಿ ತುರಿಯಲು ಕೂತರು. ಮಗುವನ್ನು ಬಾಗಿಲಿನಿಂದಲೇ ನೋಡಿದ್ದರು. ಹಾಲಿನಲ್ಲಿ ಬೀಗಿತ್ತಿ ತೊಟ್ಟಿಲಲ್ಲಿ ಹಾಸಿದ್ದ ಬೊಂತೆಯ ಮೇಲೆ ಕೈಯಾಡಿಸಿದರು. ಇದು ಯಾರದು, ಇದು? ನಾನು ಹೇಳುತ್ತ ಹೋದೆ. ಅವರ ಕೈ ನಡುವಿಗೆ ಬಂತು.

"ಈ ಕೆಂಪುದು?"

ಅತ್ತಿಗೆ ನನ್ನ ಮುಖವನ್ನೇ ನೋಡುತ್ತಿದ್ದರು. "ನಮ್ಮ ಸೋದರತ್ತೇದು. ನನ್ನ ಸಾಕಿದವರು. ಒಳಗಿದ್ದಾರೆ ನೋಡಿ, ಅವರದು" ಎಂದೆ. ನನ್ನ ದನಿ ಸ್ವಲ್ಪ ಜೋರಾಗಿಯೇ ಬಂತು, ಜಗಳಕ್ಕೆ ನಿಂತವಳ ದನಿ.

ಬೀಗಿತ್ತಿ ಅಡುಗೆಮನೆಯ ಕಡೆ ನೋಡಿದರು, ಮತ್ತೆ ಬೊಂತೆ ನೋಡಿದರು. ಅವರಿಗೆ ತಿಳಿಯಿತು ಎಂದು ನನಗೂ ತಿಳಿಯಿತು. ಒಂದು ಚೌಕವನ್ನು ಎರಡು ಬೆರಳ ನಡುವೆ ಹಿಡಿದು ಉಜ್ಜಿ, "ಬಣ್ಣ ಎಷ್ಟು ಗಟ್ಟಿ ಇದೆ ಅಲ್ವಾ? ಈಗ ಇಂಥದ್ದು ಎಲ್ಲಿ ಸಿಗುತ್ತೆ" ಎಂದರು. "ಮಗೂನ ಮಲಗಿಸಿ ಮತ್ತೆ, ಹೊತ್ತಾಗುತ್ತೆ." ಅಷ್ಟೆ. ಮುಂದಿನ ಮಾತು ಹೋಳಿಗೆಯ ಹೂರಣದ್ದು. ನಾನು ಅಷ್ಟು ದಿನ ಹೆದರಿ ಸತ್ತದ್ದು ಇದಕ್ಕೇ ಎಂದು ನನಗೆ ನಗು ಬಂತು.

ಹಾಡು ಆರತಿ ಮುಗಿದ ಮೇಲೆ ಒಳಗೆ ಹೋದೆ. ತುರಿದ ಕಾಯಿಯ ರಾಶಿಯ ಮುಂದೆ ಅತ್ತೆ ಸುಮ್ಮನೆ ಕೂತಿದ್ದರು, ಹೊರಗಿನ ಮಾತಿಗೆ ಕಿವಿ ಕೊಟ್ಟಿದ್ದರೆಂದು ಕಾಣುತ್ತದೆ.

"ನಡುವೇನೇ ಹಾಕ್ದೆಯಾ?"

"ಹೂಂ."

"ಏನಂದ್ರು?"

"ಬಣ್ಣ ಗಟ್ಟಿ ಇದೆ ಅಂದ್ರು."

"ಇನ್ನೇನೂ ಅನ್ಲಿಲ್ವಾ?"

"ಇಲ್ಲ ಅತ್ತೆ."

ಅವರು ಕೈ ತೊಳೆದರು. ಸೆರಗಿನಲ್ಲಿ ಒಂದೊಂದೇ ಬೆರಳು ಒರೆಸಿಕೊಂಡರು. ಆಮೇಲೆ ನನ್ನ ಮುಖ ನೋಡದೆ, "ಹಂಗಾದ್ರೆ, ಮಗೂನ ಒಂದ್ಸಲ ಎತ್ಕೊಳ್ಳೋಕೆ ಕೊಡ್ತಾರಾ ಕಣೇ?" ಎಂದು ಕೇಳಿದರು.

ನಾನು ಯಾರನ್ನೂ ಕೇಳಲಿಲ್ಲ. ಹಾಲಿಗೆ ಹೋಗಿ, ಮಗುವನ್ನು ಬೊಂತೆಯ ಸಮೇತ ತೊಟ್ಟಿಲಿನಿಂದ ಎತ್ತಿ ತಂದು, ಅತ್ತೆಯ ಮಡಿಲಲ್ಲಿ ಮಲಗಿಸಿದೆ.